ಮೂರು ಮಹಡಿಯ ಮನೆಗೆ ವೈ-ಫೈ: ಅಳತೆ ಕೊನೆಯ ಕೋಣೆಯಿಂದ ಶುರುವಾಗಲಿ

ಅಹಮದಾಬಾದಿನ ವಸ್ತ್ರಾಪುರ ಎಂದರೆ ಹೊರಗಿನವರಿಗೆ ಎರಡು ನೆನಪಾಗುತ್ತವೆ. ಒಂದು, 1961ರಲ್ಲಿ ಶುರುವಾದ ಐಐಎಂ ಮತ್ತು ಲೂಯಿ ಕಾನ್ ವಿನ್ಯಾಸ ಮಾಡಿದ ಅದರ ಇಟ್ಟಿಗೆ ಕಟ್ಟಡಗಳು. ಇನ್ನೊಂದು, ಸಂಜೆಯಾದರೆ ಜನ ಸುತ್ತು ಹೊಡೆಯುವ ಕೆರೆ. ಇಲ್ಲೇ ಬಾಳುವೆ ಮಾಡಿಕೊಂಡಿರುವ ನಮ್ಮಂಥವರಿಗೆ ಮೂರನೆಯದೊಂದೂ ಇದೆ: ಒಂದಕ್ಕೊಂದು ಗೋಡೆ ಹಂಚಿಕೊಂಡು ನಿಂತ ರೋ ಹೌಸ್ ಮತ್ತು ಟೆನಮೆಂಟ್ ಮನೆಗಳು. ಕೆಳಗೆ ಹಾಲ್, ಅಡುಗೆಮನೆ, ಹಿಂದೊಂದು ಸಣ್ಣ ಕೋಣೆ. ಮೇಲೆ ಮಲಗುವ ಕೋಣೆಗಳು. ಅದರ ಮೇಲೆ ಇನ್ನೊಂದು ಕೋಣೆ ಮತ್ತು ಗುಜರಾತಿಗಳು ‘ಧಾಬು’ ಎಂದು ಕರೆಯುವ ತಾರಸಿ.

ಇಂಥ ಮನೆಗಳಲ್ಲಿ ನಾನು ಗಮನಿಸಿದ ಒಂದು ವಿಷಯವಿದೆ. ಫೈಬರ್ ಸಂಪರ್ಕಕ್ಕೆ ಫೋನ್ ಮಾಡಿದವರು ಯಾರೋ, ರೂಟರ್ ಅವರ ಮೇಜಿನ ಪಕ್ಕದಲ್ಲೇ ಕೂರುತ್ತದೆ. ಮನೆಯಿಂದ ಕೆಲಸ ಮಾಡುವ ಮಗ ಅಥವಾ ಸೊಸೆ ಎರಡನೆಯ ಮಹಡಿಯಲ್ಲಿದ್ದರೆ ರೂಟರ್ ಅಲ್ಲಿ. ಕಂಪನಿಯವರು ಬಂದು ಪೆಟ್ಟಿಗೆ ಕೂರಿಸಿ, ಅದರ ಪಕ್ಕದಲ್ಲೇ ನಿಂತು ವೇಗ ಅಳೆದು, “ನೋಡಿ ಸರ್, ಪೂರಾ 200 ಬರ್ತಿದೆ” ಎಂದು ತೋರಿಸಿ ಹೋಗುತ್ತಾರೆ. ಮಂಡಿನೋವಿಗೆ ಮೆಟ್ಟಿಲು ಹತ್ತಲಾಗದೆ ಕೆಳಗಿನ ಹಿಂದಿನ ಕೋಣೆಯಲ್ಲಿ ಇರುವ ಅಜ್ಜಿಯ ಫೋನಿನಲ್ಲಿ ಎಷ್ಟು ಬರುತ್ತಿದೆ ಎಂದು ಯಾರೂ ನೋಡುವುದಿಲ್ಲ.

ಊರು ಬಿಟ್ಟು ಬಂದ ಕುಟುಂಬಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಮಗನ ಜೊತೆ ಇರಲೆಂದು ಇಲ್ಲಿಗೆ ಬಂದ ಹಿರಿಯರಿಗೆ ಗುಜರಾತಿ ಬರುವುದಿಲ್ಲ, ಹಿಂದಿ ಅಷ್ಟಕ್ಕಷ್ಟೆ. ನೆರೆಮನೆಯವರು ಒಳ್ಳೆಯವರೇ, ಆದರೆ ಕೂತು ಮಾತಾಡಲು ಭಾಷೆ ಇಲ್ಲ. ಅವರ ಕನ್ನಡದ ಲೋಕವೆಲ್ಲ ಫೋನಿನಲ್ಲಿದೆ: ತಂಗಿಯ ವಿಡಿಯೋ ಕರೆ, ಮಠದ ಪ್ರವಚನ, ಊರಿನ ಜಾತ್ರೆಯ ನೇರ ಪ್ರಸಾರ, ಯಕ್ಷಗಾನದ ತುಣುಕು. ಆ ಕೋಣೆಯಲ್ಲಿ ವೈ-ಫೈ ಸತ್ತರೆ ಅವರ ದಿನದ ಅರ್ಧ ಭಾಗವೇ ಹೋಯಿತು.

ಇನ್ನೊಂದು ವಿಷಯವನ್ನೂ ಸೇರಿಸಬೇಕು. ದಪ್ಪ ಗೋಡೆಗಳ ನಡುವಿನ ಕೋಣೆಯಲ್ಲಿ ಮೊಬೈಲ್ ಟವರಿನ ಸಿಗ್ನಲ್ಲೂ ಸೊರಗಿರುತ್ತದೆ. 2019ರ ಡಿಸೆಂಬರ್‌ನಲ್ಲಿ ಏರ್‌ಟೆಲ್, 2020ರ ಜನವರಿಯಲ್ಲಿ ಜಿಯೋ ವೈ-ಫೈ ಕರೆಯ ಸೌಲಭ್ಯ ತಂದ ಮೇಲೆ, ಎಷ್ಟೋ ಮನೆಗಳಲ್ಲಿ ಸಾಮಾನ್ಯ ಫೋನ್ ಕರೆಯೂ ವೈ-ಫೈ ಮೂಲಕವೇ ಹೋಗುತ್ತಿದೆ. ರಾತ್ರಿ ಎದೆ ಹಿಡಿದುಕೊಂಡಂತಾಗಿ ಮೇಲಿನ ಮಹಡಿಯ ಮಗನಿಗೆ ಫೋನ್ ಮಾಡುವ ಅಪ್ಪನಿಗೆ, ಕರೆ ಹೋಗುತ್ತದೋ ಇಲ್ಲವೋ ಎನ್ನುವುದು ಆ ಕೋಣೆಯ ಸಿಗ್ನಲ್ ಮೇಲೆ ನಿಂತಿರಬಹುದು.

ಹಾಗಾಗಿ ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ. ಮನೆಯ ವೈ-ಫೈ ಚೆನ್ನಾಗಿದೆಯೇ ಎಂಬುದನ್ನು ರೂಟರ್ ಪಕ್ಕದಲ್ಲಿ ಅಳೆಯಬೇಡಿ. ಅತಿ ದೂರದ ಕೋಣೆಯಲ್ಲಿ ಅಳೆಯಿರಿ. ಅಲ್ಲಿ ಸರಿಯಿಲ್ಲದಿದ್ದರೆ ಇನ್ನೂ ಜೋರಿನ ರೂಟರ್ ಕೊಳ್ಳುವ ಬದಲು, ಆ ಕೋಣೆಯ ಹತ್ತಿರಕ್ಕೆ ಒಂದು ಕೇಬಲ್ ಎಳೆಸಿ.

ಸಿಗ್ನಲ್ ಎಲ್ಲಿ ಹೋಗುತ್ತದೆ?

ವೈ-ಫೈ ಎಂದರೆ ರೇಡಿಯೋ ತರಂಗ. ನಮ್ಮ ಮನೆಗಳಲ್ಲಿ ಅದು ಮುಖ್ಯವಾಗಿ ಎರಡು ಪಟ್ಟಿಗಳಲ್ಲಿ ಹರಿಯುತ್ತದೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಭಾರತದಲ್ಲಿ 2.4 ಪಟ್ಟಿಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತ ಮಾಡಿದರು. 5ರ ಪಟ್ಟಿಯಲ್ಲಿ ಒಟ್ಟು 605 ಮೆಗಾಹರ್ಟ್ಸ್‌ನಷ್ಟು ಜಾಗ 2018ರ ಅಕ್ಟೋಬರ್‌ನಲ್ಲಿ ಮುಕ್ತವಾಯಿತು. ಇವೆರಡರ ಸ್ವಭಾವ ಬೇರೆ. 2.4 ನಿಧಾನ, ಆದರೆ ಗೋಡೆ ದಾಟುವುದರಲ್ಲಿ ಸ್ವಲ್ಪ ಗಟ್ಟಿ. 5 ವೇಗದ್ದು, ಆದರೆ ಗೋಡೆ ಅಡ್ಡ ಬಂದರೆ ಬೇಗ ಸೋಲುತ್ತದೆ. ಏನೂ ಅಡ್ಡವಿಲ್ಲದ ಬಯಲಿನಲ್ಲೂ, ಅಷ್ಟೇ ದೂರಕ್ಕೆ 5ರ ಸಿಗ್ನಲ್ 2.4ರ ಸುಮಾರು ಕಾಲು ಭಾಗದಷ್ಟು ಮಾತ್ರ ನಮ್ಮ ಫೋನಿಗೆ ಸಿಗುತ್ತದೆ.

ಸಿಗ್ನಲ್ ನಷ್ಟವನ್ನು ಡೆಸಿಬೆಲ್‌ನಲ್ಲಿ ಲೆಕ್ಕ ಹಾಕುತ್ತಾರೆ. ನೆನಪಿಡಬೇಕಾದ್ದು ಎರಡೇ: 3 ಡೆಸಿಬೆಲ್ ಹೋದರೆ ಅರ್ಧ ಉಳಿಯುತ್ತದೆ, 10 ಹೋದರೆ ಹತ್ತರಲ್ಲಿ ಒಂದು ಪಾಲು ಉಳಿಯುತ್ತದೆ. ಮರದ ಬಾಗಿಲು ತಿನ್ನುವುದು ಮೂರು ನಾಲ್ಕು ಡೆಸಿಬೆಲ್. ಇಟ್ಟಿಗೆ ಗೋಡೆ ಅದಕ್ಕಿಂತ ಹೆಚ್ಚು ತಿನ್ನುತ್ತದೆ. ಆರ್‌ಸಿಸಿ ಸ್ಲ್ಯಾಬ್ ಒಂದಕ್ಕೆ 10ರಿಂದ 20 ಡೆಸಿಬೆಲ್ ಹೋಗಬಹುದು. ಒಂದೇ ಸ್ಲ್ಯಾಬ್‌ಗೆ ಸಿಗ್ನಲ್ ಹತ್ತರಲ್ಲೊಂದು ಪಾಲಾದರೆ, ಎರಡು ಸ್ಲ್ಯಾಬ್‌ಗೆ ನೂರರಲ್ಲೊಂದು. ಅದಕ್ಕೆ ದೂರ ಸೇರಿಸಿ, ನಡುವಿನ ಗೋಡೆಗಳನ್ನು ಸೇರಿಸಿ, ಗೋಡೆಗೆ ಒರಗಿಸಿಟ್ಟ ಗೋದ್ರೇಜ್ ಕಪಾಟನ್ನೂ ಸೇರಿಸಿ.

ಅಹಮದಾಬಾದಿನ ಹಳೆಯ ಊರಿನ ‘ಪೋಳ’ಗಳಲ್ಲಿ ಮರದ ತೊಲೆ, ಮರದ ಹಲಗೆಯ ಮನೆಗಳಿವೆ. ಈ ಹಳೆಯ ಊರು 2017ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಂಥ ಮನೆಯಲ್ಲಿ, ಅಥವಾ ನಮ್ಮ ಮಲೆನಾಡಿನ ಹಲಗೆಯ ಅಟ್ಟದ ಮನೆಯಲ್ಲಿ, ಸಿಗ್ನಲ್ ಒಂದು ಮಹಡಿಯಿಂದ ಇನ್ನೊಂದಕ್ಕೆ ಸಲೀಸಾಗಿ ಹೋಗುತ್ತದೆ. ವಸ್ತ್ರಾಪುರದ ಕಾಂಕ್ರೀಟ್ ಮನೆಯಲ್ಲಿ ಹೋಗುವುದಿಲ್ಲ. ಸ್ಲ್ಯಾಬಿನ ಕಾಂಕ್ರೀಟು ಸಿಗ್ನಲನ್ನು ಹೀರುತ್ತದೆ. ಒಳಗೆ ಬಲೆಯಂತೆ ಹೆಣೆದ ಕಬ್ಬಿಣದ ಸರಳುಗಳು ಅದನ್ನು ಚೆದುರಿಸುತ್ತವೆ.

ಫೋನಿನ ದನಿ ಸಣ್ಣದು

“ಹೆಚ್ಚು ಆಂಟೆನಾ ಇರುವ ರೂಟರ್ ತಂದರೆ ಆಯಿತಲ್ಲ?” ಎಂದು ಬಹಳ ಜನ ಕೇಳುತ್ತಾರೆ. ಆಟಿಕೆಯ ಜೇಡದ ಹಾಗೆ ಎಂಟು ಕಾಲು ಚಾಚಿಕೊಂಡ ರೂಟರ್‌ಗಳು ಅಂಗಡಿಯಲ್ಲಿ ಸಿಗುತ್ತವೆ. ಒಂದೇ ಮಹಡಿಯ ದೊಡ್ಡ ಮನೆಗೆ ಅವು ಉಪಯೋಗವಾದಾವು. ಮಹಡಿ ಮೇಲೆ ಮಹಡಿ ಇರುವ ಮನೆಗೆ ಅವುಗಳಿಂದ ಆಗುವ ಲಾಭ ಕಡಿಮೆ.

ಕಾರಣ ಇಷ್ಟೆ. ವೈ-ಫೈ ಆಕಾಶವಾಣಿಯ ಹಾಗೆ ಒಮ್ಮುಖದ ಪ್ರಸಾರ ಅಲ್ಲ. ರೂಟರ್ ಕಳಿಸಿದ ಪ್ರತಿ ತುಣುಕಿಗೂ ಫೋನ್ “ಬಂತು” ಎಂದು ಉತ್ತರ ಕೊಡಬೇಕು. ಉತ್ತರ ಬರದಿದ್ದರೆ ರೂಟರ್ ಅದನ್ನೇ ಮತ್ತೆ ಕಳಿಸುತ್ತದೆ. ರೂಟರ್ ಗೋಡೆಯ ಕರೆಂಟಿನಲ್ಲಿ ಓಡುತ್ತದೆ, ಜೋರಾಗಿ ಕೂಗಬಲ್ಲದು. ಫೋನ್ ಬ್ಯಾಟರಿ ಉಳಿಸಿಕೊಳ್ಳಬೇಕು. ಅದರ ರೇಡಿಯೋ ಶಕ್ತಿ ಸಾಮಾನ್ಯವಾಗಿ ರೂಟರಿನದಕ್ಕಿಂತ ಕಡಿಮೆ. ತಾರಸಿಯ ಮೇಲಿಂದ ನೀವು ಕೂಗಿದ್ದು ಕೆಳಗಿನ ಅಜ್ಜಿಗೆ ಕೇಳಿಸುತ್ತದೆ, ಆದರೆ ಅಜ್ಜಿ ಮೆಲ್ಲಗೆ ಕೊಟ್ಟ ಉತ್ತರ ನಿಮಗೆ ಕೇಳಿಸುವುದಿಲ್ಲ. ನಿಮ್ಮ ದನಿ ಹೆಚ್ಚಿಸಿಕೊಂಡರೆ ಅಜ್ಜಿಯ ದನಿ ಹೆಚ್ಚುವುದಿಲ್ಲವಲ್ಲ!

ಫೋನಿನಲ್ಲಿ ಎರಡು ಗೆರೆ ಸಿಗ್ನಲ್ ಕಾಣಿಸುತ್ತಿದ್ದರೂ ವಿಡಿಯೋ ಮಾತ್ರ ನಿಂತು ನಿಂತು ಬರುವುದು ಎಷ್ಟೋ ಸಲ ಇದಕ್ಕೇ. ಎರಡೂ ಕಡೆಯ ಮಾತು ಕೇಳಬೇಕಾದರೆ ಇಬ್ಬರೂ ಹತ್ತಿರ ಇರಬೇಕು.

ಮೊದಲು ಅಳತೆ, ಆಮೇಲೆ ಖರ್ಚು

ನನ್ನ ಪರಿಚಯದ ಧಾರವಾಡ ಕಡೆಯ ಕುಟುಂಬವೊಂದು ಇಲ್ಲೇ ಹತ್ತಿರದ ಸೊಸೈಟಿಯಲ್ಲಿದೆ. ನೆಲಮಹಡಿ, ಅದರ ಮೇಲೆ ಎರಡು ಮಹಡಿ. ರೂಟರ್ ತುತ್ತತುದಿಯಲ್ಲಿ, ಮಗ ಕೆಲಸ ಮಾಡುವ ಕೋಣೆಯಲ್ಲಿ. ತಾಯಿ ಕೆಳಗೆ, ಅಡುಗೆಮನೆಯ ಹಿಂದಿನ ಕೋಣೆಯಲ್ಲಿ. “ಮಾತಾಡೂ ಮುಂದ ಮೊಮ್ಮಗಳ ಮಾರಿ ಕಲ್ಲಿನ ಹಂಗ ನಿಂತುಬಿಡ್ತದ ನೋಡಪಾ” ಎಂದು ಅವರು ನನ್ನ ಹತ್ತಿರ ಹೇಳಿಕೊಂಡರು. ಮಗ ಆಗಲೇ ಸಂಪರ್ಕದ ಪ್ಲಾನನ್ನು 100ರಿಂದ 200 ಎಂಬಿಪಿಎಸ್‌ಗೆ ಏರಿಸಿದ್ದ. ಅದರಿಂದ ತಾಯಿಯ ಕೋಣೆಯಲ್ಲಿ ಏನೂ ಬದಲಾಗಿರಲಿಲ್ಲ. ತೊಟ್ಟಿಗೆ ಬರುವ ನೀರು ಹೆಚ್ಚಾಯಿತು, ನಲ್ಲಿಗೆ ಹೋಗುವ ಕೊಳವೆ ಮಾತ್ರ ಹಾಗೇ ಕಟ್ಟಿಕೊಂಡಿತ್ತು.

ಅಲ್ಲಿ ನಾವು ಮೊದಲು ಮಾಡಿದ ಕೆಲಸ ಒಂದು ಹಾಳೆಯ ಮೇಲೆ ಮೂರು ಮಹಡಿಯ ನಕ್ಷೆ ಗೀಚಿದ್ದು. ಆಂಡ್ರಾಯ್ಡ್ ಫೋನಿಗೆ ಸಿಗುವ ಉಚಿತ ವೈ-ಫೈ ಅನಲೈಜರ್ ಆ್ಯಪ್ ಒಂದನ್ನು ಹಾಕಿಕೊಂಡು, ಪ್ರತಿ ಕೋಣೆಯಲ್ಲೂ ಬಾಗಿಲು ಮುಚ್ಚಿ, ಮಂಚದ ಮೇಲೆ ಕೂತು ಸಂಖ್ಯೆ ಬರೆದುಕೊಂಡೆವು. ಸಂಖ್ಯೆ ಡಿಬಿಎಂ ಎಂಬ ಅಳತೆಯಲ್ಲಿ, ಮೈನಸ್ ಗುರುತಿನೊಂದಿಗೆ ಬರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50 ಎಂದರೆ ಬಹಳ ಚೆನ್ನ. ಮೈನಸ್ 67ರ ತನಕ ವಿಡಿಯೋ ಕರೆ ನೆಮ್ಮದಿಯಾಗಿ ನಡೆಯುತ್ತದೆ. ಮೈನಸ್ 70 ದಾಟಿದರೆ ತೊಂದರೆ ಶುರು. ಮೈನಸ್ 80 ಎಂದರೆ ಹೆಸರಿಗೆ ಮಾತ್ರ ಸಂಪರ್ಕ.

ಆ ಮನೆಯ ಲೆಕ್ಕ ಹೀಗೆ ಬಂತು. ರೂಟರ್ ಇರುವ ಕೋಣೆಯಲ್ಲಿ ಮೈನಸ್ 38. ಒಂದು ಮಹಡಿ ಕೆಳಗೆ ಮೈನಸ್ 61. ನೆಲಮಹಡಿಯ ಹಾಲ್‌ನಲ್ಲಿ ಮೈನಸ್ 74. ತಾಯಿಯ ಕೋಣೆಯಲ್ಲಿ ಮೈನಸ್ 84. ಇನ್ನು ಚರ್ಚೆಗೆ ಜಾಗವಿರಲಿಲ್ಲ. ನಿಮ್ಮ ಮನೆಯಲ್ಲೂ ಇದೇ ಕೆಲಸವನ್ನು ಅರ್ಧ ಗಂಟೆಯಲ್ಲಿ ಮಾಡಿ ಮುಗಿಸಬಹುದು. ಐಫೋನಿನ ಆ್ಯಪ್‌ಗಳಲ್ಲಿ ಈ ಸಂಖ್ಯೆ ಸುಲಭವಾಗಿ ಸಿಗುವುದಿಲ್ಲ. ಯಾರದಾದರೂ ಆಂಡ್ರಾಯ್ಡ್ ಎರವಲು ಪಡೆಯಿರಿ.

ಕಾಸಿಲ್ಲದ ಮದ್ದುಗಳು

ಅಂಗಡಿಗೆ ಹೋಗುವ ಮೊದಲು ಮಾಡಿ ನೋಡಬಹುದಾದ ನಾಲ್ಕು ಕೆಲಸಗಳಿವೆ.

ರೂಟರನ್ನು ನಡುವಿನ ಮಹಡಿಗೆ, ಮೆಟ್ಟಿಲಿನ ಹತ್ತಿರಕ್ಕೆ ತನ್ನಿ. ಮೆಟ್ಟಿಲಿರುವ ಜಾಗದಲ್ಲಿ ಸ್ಲ್ಯಾಬ್ ತೆರೆದಿರುತ್ತದೆ. ಸಿಗ್ನಲ್ ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಇಳಿಯುತ್ತದೆ. ಎರಡು ಸ್ಲ್ಯಾಬ್ ದಾಟಬೇಕಾಗಿದ್ದ ಕಡೆ ಒಂದೇ ದಾಟಿದರೆ ಸಾಕಾಗುತ್ತದೆ. ಫೈಬರನ್ನು ಸರಿಸಿಕೊಡಲು ಕಂಪನಿಯವರನ್ನೇ ಕರೆಯಿರಿ. ಅದು ಗಾಜಿನ ಎಳೆ, ಜೋರಾಗಿ ಬಗ್ಗಿಸಿದರೆ ಕೆಡುತ್ತದೆ.

ರೂಟರನ್ನು ಟಿವಿಯ ಹಿಂದೆ, ಕಪಾಟಿನ ಒಳಗೆ, ಶೂ ಸ್ಟ್ಯಾಂಡಿನ ಕೆಳಗೆ ಬಚ್ಚಿಡಬೇಡಿ. ಲೋಹ, ಕನ್ನಡಿ, ನೀರಿನ ತೊಟ್ಟಿ ಮೂರೂ ಸಿಗ್ನಲ್‌ಗೆ ಶತ್ರುಗಳು. ತಲೆಯೆತ್ತರದಲ್ಲಿ, ತೆರೆದ ಜಾಗದಲ್ಲಿ ಇರಲಿ.

ಆಂಟೆನಾ ಹೊರಗೆ ಕಾಣುವ ರೂಟರ್ ಆದರೆ, ಅದು ಸಿಗ್ನಲನ್ನು ತನ್ನ ಸುತ್ತ ಕೋಡುಬಳೆಯ ಆಕಾರದಲ್ಲಿ ಹರಡುತ್ತದೆ ಎಂದುಕೊಳ್ಳಿ. ಆಂಟೆನಾ ನೆಟ್ಟಗೆ ನಿಂತಿದ್ದರೆ ಅದೇ ಮಹಡಿಗೆ ಚೆನ್ನ. ಅದರ ತುದಿಯ ನೇರಕ್ಕೆ, ಅಂದರೆ ಮೇಲೆ ಕೆಳಗೆ, ಸಿಗ್ನಲ್ ಕಡಿಮೆ. ಎರಡರಲ್ಲಿ ಒಂದನ್ನು ಅಡ್ಡ ಮಲಗಿಸಿದರೆ ಮೇಲಿನ ಕೆಳಗಿನ ಮಹಡಿಗೆ ಸ್ವಲ್ಪ ಹೆಚ್ಚು ಸಿಗುತ್ತದೆ.

ನಾಲ್ಕನೆಯದು ಚಾನೆಲ್. 2.4 ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಅಕ್ಕಪಕ್ಕದ ಮನೆಗಳ ರೂಟರ್‌ಗಳೆಲ್ಲ 6ರಲ್ಲಿ ಕೂತಿದ್ದರೆ ನೀವು 1ಕ್ಕೋ 11ಕ್ಕೋ ಹೋಗಿ. ಬುದ್ಧಿವಂತಿಕೆ ಎಂದು 3 ಅಥವಾ 8 ಆರಿಸಿಕೊಂಡರೆ ಎರಡೂ ಕಡೆಯ ಗದ್ದಲ ನಿಮ್ಮ ಪಾಲಿಗೆ ಬರುತ್ತದೆ.

ಇಷ್ಟು ಮಾಡಿ ಮತ್ತೆ ಅಳೆಯಿರಿ. ಎರಡು ಮಹಡಿಯ ಸಣ್ಣ ಮನೆಯಾದರೆ ಬಹುಶಃ ಕೆಲಸ ಇಲ್ಲಿಗೇ ಮುಗಿಯುತ್ತದೆ.

ರಿಪೀಟರ್, ಮೆಶ್, ಕೇಬಲ್

ಮುಗಿಯದಿದ್ದರೆ ಮುಂದಿನ ದಾರಿಗಳು ಮೂರು.

ಅಗ್ಗದ್ದು ರಿಪೀಟರ್. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆ. ರೂಟರಿನ ಮಾತು ಕೇಳಿಸಿಕೊಂಡು ಅದನ್ನೇ ಮತ್ತೆ ಕೂಗಿ ಹೇಳುತ್ತದೆ. ಒಂದೇ ರೇಡಿಯೋದಲ್ಲಿ ಕೇಳುವುದನ್ನೂ ಹೇಳುವುದನ್ನೂ ಮಾಡಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದನ್ನು ಎಲ್ಲಿ ಸಿಕ್ಕಿಸುತ್ತೀರಿ ಎನ್ನುವುದು ಇನ್ನೂ ಮುಖ್ಯ. ಸಿಗ್ನಲ್ ಇಲ್ಲದ ಕೋಣೆಯಲ್ಲೇ ಸಿಕ್ಕಿಸಿದರೆ ಅದಕ್ಕೇ ಏನೂ ಕೇಳಿಸುವುದಿಲ್ಲ, ಇನ್ನು ನಮಗೇನು ಹೇಳೀತು? ರೂಟರ್ ಮತ್ತು ಆ ಕೋಣೆಯ ನಡುವೆ, ಸಿಗ್ನಲ್ ಇನ್ನೂ ಮೈನಸ್ 60ರ ಸುಮಾರಿಗೆ ಇರುವ ಕಡೆ ಇಡಬೇಕು. ಬಾಡಿಗೆ ಮನೆ, ಒಬ್ಬರೇ ಬಳಸುವವರು, ವಾಟ್ಸ್ಆ್ಯಪ್ ಕರೆಯಷ್ಟೇ ಸಾಕು ಎನ್ನುವವರಿಗೆ ಇದು ಸಾಲುತ್ತದೆ.

ಎರಡನೆಯದು ಮೆಶ್. ಎರಡು ಮೂರು ಪೆಟ್ಟಿಗೆಗಳ ಸೆಟ್ಟು. ಅವು ಪರಸ್ಪರ ಮಾತಾಡಿಕೊಂಡು ಇಡೀ ಮನೆಗೆ ಒಂದೇ ಹೆಸರಿನ ವೈ-ಫೈ ಕೊಡುತ್ತವೆ. ನಡೆದಾಡುತ್ತಾ ಮಾತಾಡಿದರೂ ಕರೆ ಕಡಿಯುವುದು ಕಡಿಮೆ. ಒಳ್ಳೆಯ ವ್ಯವಸ್ಥೆ, ಬೆಲೆಯೂ ಅದಕ್ಕೆ ತಕ್ಕಂತೆ. ಆದರೆ ಆ ಪೆಟ್ಟಿಗೆಗಳೂ ತಮ್ಮತಮ್ಮಲ್ಲಿ ಮಾತಾಡುವುದು ಅದೇ ಸ್ಲ್ಯಾಬಿನ ಮೂಲಕ. ಮೇಲಿನದಕ್ಕೂ ಕೆಳಗಿನದಕ್ಕೂ ನಡುವೆ ಎರಡು ಸ್ಲ್ಯಾಬ್ ಇದ್ದರೆ ಮಧ್ಯದ ಮಹಡಿಯಲ್ಲಿ ಮೂರನೆಯ ಪೆಟ್ಟಿಗೆ ಬೇಕೇ ಬೇಕು. ಕೊಳ್ಳುವಾಗ, ಹಿಂದುಗಡೆ ಕೇಬಲ್ ಸಿಕ್ಕಿಸುವ ಪೋರ್ಟ್ ಎಲ್ಲ ಪೆಟ್ಟಿಗೆಗಳಿಗೂ ಇದೆಯೇ ನೋಡಿ. ಇವತ್ತು ಬೇಡವೆನಿಸಿದರೂ ನಾಳೆ ಬೇಕಾಗುತ್ತದೆ.

ಮೂರನೆಯದು ಕೇಬಲ್. ರೂಟರಿನಿಂದ ಪ್ರತಿ ಮಹಡಿಗೂ ಒಂದೊಂದು ಈಥರ್ನೆಟ್ ಕೇಬಲ್ ಎಳೆದು, ಅದರ ತುದಿಯಲ್ಲಿ ಒಂದು ಆ್ಯಕ್ಸೆಸ್ ಪಾಯಿಂಟ್ ಕೂರಿಸುವುದು. ಆಫೀಸು, ಆಸ್ಪತ್ರೆ, ಹೋಟೆಲುಗಳಲ್ಲಿ ಮಾಡುವುದು ಇದನ್ನೇ. ಸ್ಲ್ಯಾಬ್ ದಾಟುವ ಕಷ್ಟವನ್ನು ತಾಮ್ರದ ತಂತಿಗೆ ವಹಿಸಿ, ಕೋಣೆಯೊಳಗಿನ ಹತ್ತು ಹದಿನೈದು ಅಡಿಯನ್ನು ಮಾತ್ರ ರೇಡಿಯೋಗೆ ಬಿಡುತ್ತೀರಿ. ಆಗ ಫೋನಿನ ಸಣ್ಣ ದನಿಯೂ ಕೇಳಿಸುತ್ತದೆ, ಅಜ್ಜಿಯ ಕೋಣೆಯಲ್ಲೂ 5 ಗಿಗಾಹರ್ಟ್ಸ್ ಸಿಗುತ್ತದೆ.

ಮನೆಯ ವಿದ್ಯುತ್ ತಂತಿಯ ಮೇಲೆಯೇ ಡೇಟಾ ಕಳಿಸುವ ಪವರ್‌ಲೈನ್ ಅಡಾಪ್ಟರ್‌ಗಳೂ ಇವೆ. ಮೂರು ಫೇಸ್ ಸಂಪರ್ಕವಿದ್ದು ಮಹಡಿಗೊಂದು ಫೇಸ್ ಕೊಟ್ಟಿರುವ ಮನೆಗಳಲ್ಲಿ ಅವುಗಳನ್ನು ನಂಬಿ ಕೂರುವುದು ಕಷ್ಟ.

ಕೇಬಲ್ ಎಳೆಸುವಾಗ

ಈಥರ್ನೆಟ್ ಕೇಬಲ್ 100 ಮೀಟರ್ ತನಕ ಹೋಗಬಹುದು. ಮೂರು ಮಹಡಿಯ ಮನೆಗೆ ಒಂದೊಂದು ಎಳೆಗೆ 15ರಿಂದ 25 ಮೀಟರ್ ಸಾಕಾಗುತ್ತದೆ, ಹಾಗಾಗಿ ದೂರದ ಚಿಂತೆ ಇಲ್ಲ. ಕ್ಯಾಟ್-6 ಕೇಳಿ. ಕ್ಯಾಟ್-5ಇ ಇದ್ದರೂ ಗಿಗಾಬಿಟ್ ವೇಗಕ್ಕೆ ತೊಂದರೆಯಿಲ್ಲ. ನೋಡಬೇಕಾದ್ದು ಒಳಗಿನ ಲೋಹವನ್ನು. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಪೆಟ್ಟಿಗೆಯ ಮೇಲೆ ‘ಸಿಸಿಎ’ ಎಂದಿದ್ದರೆ ಬಿಟ್ಟುಬಿಡಿ, ಪೂರ್ತಿ ತಾಮ್ರದ್ದನ್ನೇ ತನ್ನಿ. ಗೋಡೆಯೊಳಗೆ ಹೋದ ಕೇಬಲನ್ನು ಮತ್ತೆ ಬದಲಿಸುವವರು ಯಾರು?

ದಾರಿ ಹುಡುಕುವುದೇ ದೊಡ್ಡ ಕೆಲಸ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. 2001ರ ಜನವರಿ 26ರಂದು ಕಛ್‌ನಲ್ಲಿ ಭೂಕಂಪವಾದಾಗ, ನೂರಾರು ಕಿಲೋಮೀಟರ್ ದೂರದ ಅಹಮದಾಬಾದಿನಲ್ಲೂ ಬಹುಮಹಡಿ ಕಟ್ಟಡಗಳು ಕುಸಿದು ಜನ ಸತ್ತರು. ಈ ಊರಿನ ಹಿರಿಯರು ಇವತ್ತಿಗೂ ಅದನ್ನು ಮರೆತಿಲ್ಲ. ಕೇಬಲ್ಲಿಗಾಗಿ ಕಂಬ, ತೊಲೆ, ಸ್ಲ್ಯಾಬ್ ಯಾವುದನ್ನೂ ಕೊರೆಯಬೇಡಿ, ಕೊರೆಯಲು ಬಿಡಲೂ ಬೇಡಿ. ಮೊದಲು ಹಳೆಯ ಟೆಲಿಫೋನ್ ತಂತಿಯ ಅಥವಾ ಡಿಶ್ ಟಿವಿ ತಂತಿಯ ಪೈಪ್ ಇದೆಯೇ ನೋಡಿ. ಇಲ್ಲದಿದ್ದರೆ ಮೆಟ್ಟಿಲಿನ ಗೋಡೆಯ ಅಂಚಿನಲ್ಲಿ ಪಿವಿಸಿ ಪಟ್ಟಿ ಅಂಟಿಸಿ ಅದರೊಳಗೆ ಬಿಡಿ. ಅದೂ ಆಗದಿದ್ದರೆ ಕಿಟಕಿಯಿಂದ ಹೊರಬಂದು ನೀರಿನ ಪೈಪುಗಳು ಇಳಿಯುವ ಡಕ್ಟಿನ ಮೂಲಕ ಕೆಳಗಿಳಿಸಿ. ಕರೆಂಟಿನ ತಂತಿಯಿರುವ ಪೈಪಿನೊಳಗೆ ಮಾತ್ರ ಹಾಕಬೇಡಿ. ಅದು ಅಪಾಯ, ಜೊತೆಗೆ ಸಿಗ್ನಲ್ಲಿಗೂ ತೊಂದರೆ.

ಹೊರಗೆ ಹೋಗುವ ಭಾಗಕ್ಕೆ ಬಿಸಿಲು ತಡೆಯುವ ಹೊರಾಂಗಣ ಕೇಬಲನ್ನೇ ಬಳಸಿ. ಒಳಾಂಗಣದ ಬೂದು ಕೇಬಲಿನ ಸಿಪ್ಪೆ ಇಲ್ಲಿಯ ಬಿಸಿಲಿಗೆ ಬಿರುಕು ಬಿಡುತ್ತದೆ. 2016ರ ಮೇ 20ರಂದು ಈ ಊರು 48 ಡಿಗ್ರಿ ಕಂಡಿದೆ. ಮನೆಬಳಕೆಯ ಹೆಚ್ಚಿನ ರೂಟರ್‌ಗಳನ್ನು 40 ಡಿಗ್ರಿಯ ತನಕ ಕೆಲಸ ಮಾಡುವಂತೆ ತಯಾರಿಸಿರುತ್ತಾರೆ. ತಾರಸಿಯ ಕೆಳಗಿನ ಕೋಣೆಯಲ್ಲಿ, ಗಾಳಿಯಾಡದ ಮೂಲೆಯಲ್ಲಿ ಇಟ್ಟರೆ ಮೇ ತಿಂಗಳ ಮಧ್ಯಾಹ್ನ ಅದು ತಾನಾಗಿ ನಿಂತು ನಿಂತು ಶುರುವಾದರೆ ಆಶ್ಚರ್ಯವಿಲ್ಲ.

ಸಾಧ್ಯವಾದರೆ ಪಿಒಇ ಸೌಲಭ್ಯವಿರುವ ಆ್ಯಕ್ಸೆಸ್ ಪಾಯಿಂಟ್ ಕೊಳ್ಳಿ. ಇದರಲ್ಲಿ ಡೇಟಾ ಹೋಗುವ ಕೇಬಲ್ಲಿನಲ್ಲೇ ವಿದ್ಯುತ್ತೂ ಹೋಗುತ್ತದೆ. 2003ರಿಂದ ಜಾರಿಯಲ್ಲಿರುವ ಇದರ ಮೊದಲ ಮಾನದಂಡವೇ ಒಂದು ಕೇಬಲ್ಲಿನಲ್ಲಿ 15.4 ವಾಟ್ ತನಕ ಕಳಿಸಲು ಬಿಡುತ್ತದೆ. ಲಾಭ ಎರಡು: ಚಾವಣಿಯ ಹತ್ತಿರ ಪ್ಲಗ್ ಪಾಯಿಂಟ್ ಹುಡುಕಬೇಕಿಲ್ಲ, ಮತ್ತು ರೂಟರ್ ಹತ್ತಿರ ಒಂದೇ ಯುಪಿಎಸ್ ಇಟ್ಟರೆ ಕರೆಂಟ್ ಹೋದಾಗಲೂ ಮೂರೂ ಮಹಡಿಯ ವೈ-ಫೈ ಉಳಿಯುತ್ತದೆ. ರಾತ್ರಿ ಹಿರಿಯರ ಫೋನ್ ಕೆಲಸ ಮಾಡಬೇಕೆಂಬ ಲೆಕ್ಕದಲ್ಲಿ ಇದು ದೊಡ್ಡ ವಿಷಯ.

ಕೆಲಸ ಮುಗಿದ ಮೇಲೆ ಪ್ರತಿ ತುದಿಗೂ ಲ್ಯಾಪ್‌ಟಾಪ್ ಸಿಕ್ಕಿಸಿ ಲಿಂಕ್ ವೇಗ ನೋಡಿ. 1000 ಎಂದು ತೋರಿಸಬೇಕು. 100 ಎಂದು ತೋರಿಸಿದರೆ, ಒಳಗಿನ ನಾಲ್ಕು ಜೋಡಿ ಎಳೆಗಳಲ್ಲಿ ಯಾವುದೋ ಒಂದು ಸರಿಯಾಗಿ ಕೂತಿಲ್ಲ. ತಂತಿಯವನು ಮನೆಯಲ್ಲಿರುವಾಗಲೇ ನೋಡಿಕೊಂಡರೆ ಅಲ್ಲೇ ಸರಿಮಾಡಿಸಬಹುದು.

ಹಳೆಯ ರೂಟರ್ ಬಿಸಾಡಬೇಡಿ

ಹೊಸ ಆ್ಯಕ್ಸೆಸ್ ಪಾಯಿಂಟ್ ಕೊಳ್ಳಲೇಬೇಕೆಂದಿಲ್ಲ. ಎರಡೂ ಪಟ್ಟಿಗಳಲ್ಲಿ ಕೆಲಸ ಮಾಡುವ ಹಳೆಯ ರೂಟರ್ ಕಪಾಟಿನಲ್ಲಿದ್ದರೆ ಅದನ್ನೇ ಬಳಸಬಹುದು. ಸೆಟ್ಟಿಂಗ್‌ನಲ್ಲಿ ‘ಆ್ಯಕ್ಸೆಸ್ ಪಾಯಿಂಟ್ ಮೋಡ್’ ಇದ್ದರೆ ಅದನ್ನು ಆರಿಸಿದರೆ ಮುಗಿಯಿತು. ಇಲ್ಲದಿದ್ದರೆ ಮೂರು ಕೆಲಸ: ಅದರ ವಿಳಾಸವನ್ನು ಮುಖ್ಯ ರೂಟರಿನದಕ್ಕಿಂತ ಬೇರೆ ಮಾಡಿ (ಮುಖ್ಯದ್ದು 192.168.1.1 ಆಗಿದ್ದರೆ ಇದು 192.168.1.2, ಅದೇ ಸಂಖ್ಯೆ ಮನೆಯ ಇನ್ಯಾವ ಸಾಧನಕ್ಕೂ ಇರದಂತೆ ನೋಡಿಕೊಳ್ಳಿ), ಅದರ ಡಿಎಚ್‌ಸಿಪಿ ಆರಿಸಿ, ಮತ್ತು ಕೇಬಲನ್ನು ಅದರ ವ್ಯಾನ್ ಪೋರ್ಟಿಗೆ ಹಾಕದೆ ಲ್ಯಾನ್ ಪೋರ್ಟಿಗೆ ಹಾಕಿ. ಡಿಎಚ್‌ಸಿಪಿ ಎಂದರೆ ಮನೆಯ ಪ್ರತಿ ಸಾಧನಕ್ಕೂ ವಿಳಾಸ ಹಂಚುವ ಗುಮಾಸ್ತ. ಒಂದೇ ಕಚೇರಿಯಲ್ಲಿ ಇಬ್ಬರು ಗುಮಾಸ್ತರು ಒಬ್ಬರಿಗೊಬ್ಬರು ಕೇಳದೆ ಟೋಕನ್ ಹಂಚಿದರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ.

ಎಲ್ಲ ಮಹಡಿಗೂ ವೈ-ಫೈ ಹೆಸರು ಒಂದೇ ಇರಲಿ, ಪಾಸ್‌ವರ್ಡೂ ಒಂದೇ ಇರಲಿ. “ಮನೆ_ಮೇಲೆ”, “ಮನೆ_ಕೆಳಗೆ” ಎಂದು ಬೇರೆ ಬೇರೆ ಹೆಸರಿಟ್ಟರೆ, ಮಹಡಿ ಬದಲಾದಾಗಲೆಲ್ಲ ಹಿರಿಯರು ಸೆಟ್ಟಿಂಗ್ ಹುಡುಕುತ್ತಾ ಕೂರಬೇಕು. ಚಾನೆಲ್ ಮಾತ್ರ ಬೇರೆ ಬೇರೆ: 2.4ರಲ್ಲಿ ಮೂರು ಮಹಡಿಗೆ 1, 6, 11. 5ರಲ್ಲಿ ಒಂದಕ್ಕೆ 36, ಇನ್ನೊಂದಕ್ಕೆ 149.

ಫೋನುಗಳಿಗೆ ಒಂದು ಚಾಳಿಯಿದೆ. ಒಮ್ಮೆ ಹಿಡಿದ ಸಿಗ್ನಲನ್ನು, ಅದು ಪೂರ್ತಿ ಸೊರಗುವ ತನಕ ಬಿಡುವುದಿಲ್ಲ. ಮೇಲಿನಿಂದ ಕೆಳಗೆ ಇಳಿದು ಬಂದರೂ ಮೇಲಿನ ರೂಟರನ್ನೇ ಹಿಡಿದುಕೊಂಡಿರುತ್ತದೆ. ಇದಕ್ಕೆ ಮದ್ದು, ಪ್ರತಿ ಪೆಟ್ಟಿಗೆಯ 2.4ರ ಶಕ್ತಿಯನ್ನು ‘ಹೈ’ನಿಂದ ‘ಮೀಡಿಯಂ’ಗೆ ಇಳಿಸುವುದು. ಕೇಳಲು ವಿಚಿತ್ರವೆನಿಸಬಹುದು, ಆದರೆ ಮಹಡಿಗೊಂದು ಪೆಟ್ಟಿಗೆ ಬಂದ ಮೇಲೆ ಒಂದೊಂದೂ ಮೆಲ್ಲಗೆ ಮಾತಾಡಿದರೇ ಮನೆ ನೆಮ್ಮದಿಯಾಗಿರುತ್ತದೆ. ಕೊಳ್ಳುವ ಪೆಟ್ಟಿಗೆಯಲ್ಲಿ 802.11 ಕೆ, ವಿ, ಆರ್ ಎಂಬ ಮೂರು ಸೌಲಭ್ಯಗಳಿದ್ದರೆ ಫೋನನ್ನು ಹತ್ತಿರದ ಪೆಟ್ಟಿಗೆಗೆ ದಾಟಿಸುವುದು ಇನ್ನೂ ಸಲೀಸು.

ಧಾರವಾಡದ ಆ ಕುಟುಂಬ ಕೊನೆಗೆ ಮಾಡಿಸಿದ್ದು ಇದನ್ನೇ. ರೂಟರ್ ಮಗನ ಕೋಣೆಯಲ್ಲೇ ಉಳಿಯಿತು. ಹಿಂದಿನ ಡಕ್ಟಿನಲ್ಲಿ ಎರಡು ಕೇಬಲ್ ಇಳಿದವು. ನಡುವಿನ ಮಹಡಿಗೆ ಹಳೆಯ ರೂಟರ್, ತಾಯಿಯ ಕೋಣೆಯ ಬಾಗಿಲ ಮೇಲೆ ಒಂದು ಹೊಸ ಆ್ಯಕ್ಸೆಸ್ ಪಾಯಿಂಟ್. ಕೆಲಸಕ್ಕೆ ಹಿಡಿದದ್ದು ಒಂದು ಭಾನುವಾರ. ಆ ಕೋಣೆಯ ಮೈನಸ್ 84 ಈಗ ಮೈನಸ್ 50ರ ಆಸುಪಾಸಿನಲ್ಲಿದೆ. ಪ್ಲಾನನ್ನು ಮತ್ತೆ 100ಕ್ಕೆ ಇಳಿಸಿದರೂ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ತಿಂಗಳ ಬಿಲ್ಲಿನಲ್ಲಿ ಉಳಿದ ಹಣ ನಿಧಾನವಾಗಿ ಈ ಖರ್ಚನ್ನು ತೀರಿಸುತ್ತಿದೆ.

ಫ್ಲ್ಯಾಟಿನವರಿಗೆ, ಬಾಡಿಗೆಯವರಿಗೆ, ಧಾಬುವಿಗೆ

ಬೆಂಗಳೂರು, ಮುಂಬೈ, ಪುಣೆಯ ಫ್ಲ್ಯಾಟುಗಳಲ್ಲಿರುವವರಿಗೆ ಸ್ಲ್ಯಾಬ್ ಒಂದು ರೀತಿಯ ಉಪಕಾರ. ಮೇಲಿನ ಕೆಳಗಿನ ಮನೆಯ ಗದ್ದಲವನ್ನು ಅದು ತಡೆಯುತ್ತದೆ. ಅಲ್ಲಿ ತೊಂದರೆ ಕೊಡುವುದು ಅಕ್ಕಪಕ್ಕದ ಹತ್ತಾರು ರೂಟರ್‌ಗಳು. 2.4ರಲ್ಲಿ ಸಂತೆಯ ಗಲಾಟೆ ಇದ್ದರೆ 5ಕ್ಕೆ ಹೋಗಿ. ಎರಡು ಅಂತಸ್ತಿನ ಡ್ಯೂಪ್ಲೆಕ್ಸ್ ಆದರೆ ಮೇಲಿನ ಮಾತುಗಳೆಲ್ಲ ನಿಮಗೂ ಅನ್ವಯ. ಬಾಡಿಗೆ ಮನೆಯವರು ಬಾಗಿಲ ಸಂದಿಯಲ್ಲಿ ತೂರುವ ಚಪ್ಪಟೆ ಕೇಬಲ್ ತಂದು, ಮೆಟ್ಟಿಲಂಚಿಗೆ ಕ್ಲಿಪ್ ಹೊಡೆದು ಇಳಿಸಬಹುದು. ಮನೆ ಬಿಡುವಾಗ ಸುತ್ತಿಕೊಂಡು ಹೋದರಾಯಿತು. ಕ್ಲಿಪ್ ಹೊಡೆಯುವ ಮೊದಲು ಮಾಲೀಕರಿಗೆ ಒಂದು ಮಾತು ಹೇಳಿ. ಗುಜರಾತಿನ ಮನೆ ಮಾಲೀಕರು ಲೆಕ್ಕದಲ್ಲಿ ಬಿಗಿ, ಆದರೆ ಚಹಾ ಕುಡಿಯುತ್ತಾ ಕೇಳಿದರೆ ಇಲ್ಲವೆನ್ನುವುದು ಕಡಿಮೆ.

ಇನ್ನು ಧಾಬು. ಜನವರಿ 14ರ ಉತ್ತರಾಯಣಕ್ಕೆ ಅಹಮದಾಬಾದ್ ಪೂರ್ತಿ ತಾರಸಿಯ ಮೇಲಿರುತ್ತದೆ. ಗಾಳಿಪಟ, ಉಂಧಿಯು, ಜಲೇಬಿ. ನಾವು ನಮ್ಮ ಸಂಕ್ರಾಂತಿಯ ಎಳ್ಳುಬೆಲ್ಲ ಹಿಡಿದುಕೊಂಡು ಅಲ್ಲೇ ನಿಂತು ಊರಿನವರಿಗೆ ವಿಡಿಯೋ ಕರೆ ಮಾಡಿ ಆಕಾಶ ತೋರಿಸುತ್ತೇವೆ. ಅದಕ್ಕೆಂದು ತಾರಸಿಯಲ್ಲಿ ಖಾಯಂ ಪೆಟ್ಟಿಗೆ ಕೂರಿಸಬೇಕಿಲ್ಲ. ಮೆಟ್ಟಿಲು ಮುಗಿಯುವ ಬಾಗಿಲ ಒಳಗೆ ಒಂದು ಇದ್ದರೆ ಬಾಗಿಲು ತೆರೆದಾಗ ಹೊರಗೂ ಸಾಕಾಗುತ್ತದೆ. ಹೊರಗೆ ಎಳೆದ ಕೇಬಲನ್ನು ಗೋಡೆಗೆ ಅಂಟಿಸಿಯೇ ಕಟ್ಟಿಸಿ. ಗಾಳಿಯಲ್ಲಿ ತೂಗುವ ತಂತಿ ಉತ್ತರಾಯಣದ ದಿನ ಮಾಂಜಾ ದಾರಕ್ಕೆ ಸಿಕ್ಕಿಕೊಳ್ಳುವುದು ಖಂಡಿತ.

ಒಂದು ಹಾಳೆ, ಒಂದು ಪೆನ್ನು

ಮುಂದೆ ಇನ್ನೂ ಹೊಸ ರೂಟರ್‌ಗಳು ಬರುತ್ತವೆ. 6 ಗಿಗಾಹರ್ಟ್ಸ್ ಪಟ್ಟಿಯ ಕೆಳಭಾಗವನ್ನು ವೈ-ಫೈಗೆ ಬಿಡುವ ಕರಡು ನಿಯಮಗಳನ್ನು ಕೇಂದ್ರ ಸರ್ಕಾರ 2025ರ ಮೇನಲ್ಲಿ ಹೊರಡಿಸಿತು. ಆ ಪಟ್ಟಿಯ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ 5ಕ್ಕಿಂತಲೂ ಕಡಿಮೆ. ಅಂದರೆ ಹೊಸದು ಬಂದಷ್ಟೂ ಸ್ಲ್ಯಾಬ್ ಇನ್ನೂ ದೊಡ್ಡ ಅಡ್ಡಿಯಾಗುತ್ತದೆ, ಇವತ್ತು ಎಳೆಸಿದ ಕೇಬಲ್ಲಿನ ಬೆಲೆ ಇನ್ನೂ ಹೆಚ್ಚುತ್ತದೆ. ಮನೆ ಕಟ್ಟಿಸುತ್ತಿರುವವರು, ಊರಿನಲ್ಲಿ ಅಪ್ಪ ಅಮ್ಮನ ಮನೆಗೆ ಮಹಡಿ ಏರಿಸುತ್ತಿರುವವರು, ಗೋಡೆಗೆ ಗಾರೆ ಬೀಳುವ ಮೊದಲು ಮಹಡಿಯಿಂದ ಮಹಡಿಗೆ ಒಂದು ಇಂಚಿನ ಖಾಲಿ ಪೈಪ್ ಬಿಡಿಸಿ. ಆ ಹೊತ್ತಿಗೆ ಅದು ಮೇಸ್ತ್ರಿಗೆ ಹತ್ತು ನಿಮಿಷದ ಕೆಲಸ.

ಈ ಭಾನುವಾರ ಬಿಡುವಿದ್ದರೆ ಒಂದು ಹಾಳೆ, ಒಂದು ಪೆನ್ನು ಹಿಡಿದುಕೊಂಡು ಮನೆ ಸುತ್ತಿ. ರೂಟರ್ ಇರುವ ಕೋಣೆಯನ್ನು ಬಿಟ್ಟು, ಅದರಿಂದ ಅತಿ ದೂರದ ಕೋಣೆಯಿಂದ ಶುರುಮಾಡಿ. ಅಲ್ಲಿ ಯಾರು ಮಲಗುತ್ತಾರೆ, ಅವರು ಫೋನಿನಲ್ಲಿ ಏನು ಮಾಡುತ್ತಾರೆ ಎಂದೂ ಕೇಳಿ ಬರೆದುಕೊಳ್ಳಿ. “ನಂದೇನ್ ಬಿಡಪ್ಪಾ, ನಡೀತದ” ಎಂದು ಅವರು ಹೇಳಬಹುದು. ಆ್ಯಪ್ ತೋರಿಸಿದ ಸಂಖ್ಯೆಯನ್ನೂ ನೋಡಿ, ಆಮೇಲೆ ಕೇಬಲ್ ಎಷ್ಟು ಮೀಟರ್ ಬೇಕು ಎಂದು ಲೆಕ್ಕ ಹಾಕಿ.